ಹೊರಡುವ ಮೊದಲು ಮರಳುವ ಲೆಕ್ಕ

ವಿಮಾನ ಹಾರಿಸುವ ಕೆಲಸಕ್ಕೆ ಹೊರಟಿದ್ದೀಯ, ಸಂತೋಷ ಮಗೂ. ಧೈರ್ಯದ ಕತೆಗಳನ್ನು ಬೇರೆಯವರು ಬೇಕಾದಷ್ಟು ಹೇಳುತ್ತಾರೆ. ನಾನು ಹೇಳುವುದು ಲೆಕ್ಕದ ಕತೆ.

1945ರ ಆಗಸ್ಟ್ 6ರಂದು ಹಿರೋಶಿಮಾಕ್ಕೆ ಅಣುಬಾಂಬ್ ಹೊತ್ತ ಎನೋಲಾ ಗೇ ವಿಮಾನ ಹಾರಿಸಿದವನು ಪಾಲ್ ಟಿಬೆಟ್ಸ್. ಬಾಂಬ್ ಹಾಕುವುದು ಸರಿ, ಹಾಕಿದ ಮೇಲೆ ವಿಮಾನ ಉಳಿಯಬೇಕಲ್ಲ? ಕೈಬಿಟ್ಟ ಬಾಂಬೂ ವಿಮಾನದ ಜೊತೆಜೊತೆಗೇ ಮುಂದೆ ಸಾಗುತ್ತಾ ಬೀಳುತ್ತದೆ. ನೀನು ನೇರವಾಗಿ ಹೋಗುತ್ತಿದ್ದರೆ ಅದು ಸಿಡಿಯುವಾಗ ಹೆಚ್ಚೂಕಮ್ಮಿ ಅದರ ನೆತ್ತಿಯ ಮೇಲೇ ಇರುತ್ತೀಯ. ಸುಮಾರು 31,000 ಅಡಿಯಿಂದ ಬಿದ್ದು ಸಿಡಿಯಲು ಅದಕ್ಕೆ ಬೇಕಾದದ್ದು ಸುಮಾರು 43 ಸೆಕೆಂಡು. ಅಷ್ಟರಲ್ಲಿ ಎಷ್ಟು ದೂರ ಓಡಬಹುದೋ ಅಷ್ಟೇ ವಿಮಾನದಲ್ಲಿದ್ದವರ ರಕ್ಷಣೆ. ಹಾಗಾಗಿ ಬಾಂಬ್ ಕೈಬಿಟ್ಟ ಕೂಡಲೇ ವಿಮಾನವನ್ನು ವಾಲಿಸಿ 150 ಡಿಗ್ರಿಗೂ ಹೆಚ್ಚು ತಿರುಗಿಸುವುದನ್ನು ಮೊದಲೇ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದರು. ತಿರುಗುತ್ತಾ ವಿಮಾನ ಪಕ್ಕಕ್ಕೂ ಸರಿದಿರುತ್ತದೆ, ಹಾಗಾಗಿ ಸಿಡಿಯುವ ಜಾಗದಿಂದ ನೇರವಾಗಿ ದೂರ ಓಡಲು ಪೂರಾ ಹಿಂದಕ್ಕೆ ತಿರುಗಬೇಕಿಲ್ಲ ನೋಡು. ಹಗುರವಾಗಲೆಂದು ಬಾಲದ ತೋಪುಗಳನ್ನು ಬಿಟ್ಟು ಉಳಿದವನ್ನೆಲ್ಲ ಕಿತ್ತು ಹಾಕಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ಆಘಾತದ ಅಲೆ ತಾಕುವ ಹೊತ್ತಿಗೆ ಸುಮಾರು 18 ಕಿಲೋಮೀಟರ್ ದೂರದಲ್ಲಿದ್ದರು. ನೆಲಕ್ಕೆ ಬಡಿದು ಚಿಮ್ಮಿದ ಇನ್ನೊಂದು ಅಲೆಯೂ ಬೆನ್ನಟ್ಟಿ ಬಂದು ಅಲುಗಾಡಿಸಿತು.

ಕೆಳಗಿದ್ದ ಊರಿನವರಿಗೆ ಇಂಥ ಲೆಕ್ಕ ಯಾರೂ ಹಾಕಿಕೊಡಲಿಲ್ಲ. ಆ ಕೆಲಸವನ್ನು ಮೆಚ್ಚಿಕೋ ಎಂದು ನಾನು ಹೇಳುತ್ತಿಲ್ಲ.

ಮೂರು ದಿನದ ನಂತರದ ನಾಗಸಾಕಿ ಹಾರಾಟ ಇದಕ್ಕೆ ಪೂರ್ತಿ ವಿರುದ್ಧ. ನಿನಗೆ ನಿಜವಾಗಿ ಉಪಯೋಗಕ್ಕೆ ಬರುವುದು ಅದೇ. ಚಿತ್ರ ತೆಗೆಯಲು ಹೋಗುವ ವಿಮಾನದಲ್ಲಿ ಭೌತವಿಜ್ಞಾನಿ ರಾಬರ್ಟ್ ಸರ್ಬರ್ ಇರಬೇಕಿತ್ತು; ಅದರ ಅತಿವೇಗದ ಕ್ಯಾಮೆರಾ ಅವನ ಜವಾಬ್ದಾರಿ. ರನ್‌ವೇಗೆ ಹೋಗುವಾಗ ನೋಡಿದರೆ ಅವನ ಹತ್ತಿರ ಪ್ಯಾರಾಚೂಟ್ ಇಲ್ಲ. ನಿಯಮ ನಿಯಮವೇ ಎಂದು ಪೈಲಟ್ ಅವನನ್ನು ಕೆಳಗಿಳಿಸಿ ಹೊರಟುಬಿಟ್ಟ. ಆ ಪೈಲಟ್‌ನನ್ನು ನಾನು ಬೈಯಲಾರೆ, ಆದರೆ ಪ್ಯಾರಾಚೂಟ್ ಇದೆಯೇ ಎಂದು ಕೇಳಬೇಕಾದ ಹೊತ್ತು ಅದಲ್ಲ. ಆ ವಿಮಾನ ಯಾಕುಶಿಮಾ ದ್ವೀಪದ ಮೇಲೆ ಉಳಿದವರನ್ನು ಸೇರಿಕೊಳ್ಳಲೂ ಇಲ್ಲ.

ಬಾಂಬ್ ಹೊತ್ತ ಬಾಕ್ಸ್‌ಕಾರ್‌ನ ಪೈಲಟ್ ಚಾರ್ಲ್ಸ್ ಸ್ವೀನಿ ಅದಕ್ಕಾಗಿ ಕಾದ. 15 ನಿಮಿಷಕ್ಕಿಂತ ಹೆಚ್ಚು ಕಾಯಬೇಡ ಎಂದಿದ್ದರು; ಇವನು ಅದನ್ನು ಮೀರಿ ಬಹಳ ಹೊತ್ತು ಸುತ್ತುತ್ತಲೇ ಇದ್ದ. ಇಂಧನ ವರ್ಗಾಯಿಸುವ ಪಂಪ್ ಕೆಟ್ಟು ನೂರಾರು ಗ್ಯಾಲನ್ ಪೆಟ್ರೋಲು ಟ್ಯಾಂಕಿನಲ್ಲಿದ್ದೂ ಇಲ್ಲದಂತಾಗಿದೆ ಎಂಬುದು ಹೊರಡುವ ಮೊದಲೇ ಗೊತ್ತಿತ್ತು! ಮೊದಲ ಗುರಿ ಕೊಕುರಾ ಮಸುಕು ಕವಿದು ಕಾಣಲಿಲ್ಲ. ಅದರ ಮೇಲೆ ಮೂರು ಸಲ ಹಾದುಹೋದ. ಕೊನೆಗೆ ಬಾಂಬ್ ನಾಗಸಾಕಿಯ ಮೇಲೆ ಬಿತ್ತು. ಟಿನಿಯನ್ ದ್ವೀಪದ ನೆಲೆಗೆ ಮರಳುವಷ್ಟು ಇಂಧನ ಉಳಿದಿರಲಿಲ್ಲ. ಓಕಿನಾವಾದಲ್ಲಿ ಇಳಿದಾಗ ಎಂಜಿನ್‌ಗಳು ಪೆಟ್ರೋಲಿಲ್ಲದೆ ನಿಲ್ಲತೊಡಗಿದ್ದವು.

ಒಬ್ಬನ ಪ್ಯಾರಾಚೂಟ್, ಒಂದು ಪಂಪ್, ಮುಗಿಯದ ಒಂದು ಕಾಯುವಿಕೆ. ಮೂರರಲ್ಲಿ ಎರಡು, ಚಕ್ರ ನೆಲ ಬಿಡುವ ಮೊದಲೇ ಗೊತ್ತಾಗಿದ್ದವು.