ಬಾರು ಕಡಿಮೆ, ಗುರಿ ನೇರ

ರೋಣ, ನರಗುಂದ, ಗಜೇಂದ್ರಗಡದ ಕಡೆ ಹುಡುಗರಿಗೆ ಏರ್ ರೈಫಲ್ ಕಲಿಸಲು ನಿಂತರೆ ಮೊದಲು ಬರುವ ಪ್ರಶ್ನೆ: ‘ಸರ, ಎಷ್ಟ್ ಜೋರ್ ಹೊಡಿತೈತ್ರಿ?’ ಕೇಳಬೇಕಾದ್ದು ಬೇರೆ: ಹೊಡೆದ ತೂತಿನಲ್ಲೇ ಮತ್ತೆ ಹೊಡೆಯುತ್ತದೆಯೇ?

1. ಜೋರಿನ ಬೆನ್ನು ಹತ್ತಬೇಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯ ರೈಫಲ್ಲುಗಳಲ್ಲಿ ಅರ್ಧ ಗ್ರಾಂ ತೂಕದ ಛರ್ರೆ ಸೆಕೆಂಡಿಗೆ ಸುಮಾರು 170 ಮೀಟರ್ ಓಡುತ್ತದೆ. ಪೇಟೆಯ ಎಷ್ಟೋ ಸ್ಪ್ರಿಂಗ್ ಗನ್ನುಗಳು ಇದಕ್ಕಿಂತ ಜೋರು. ಆದರೆ ಬಿಗಿ ಸ್ಪ್ರಿಂಗಿನ ಒದೆತ ಛರ್ರೆ ನಳಿಗೆ ಬಿಡುವ ಮುನ್ನವೇ ಗನ್ನನ್ನು ಅಲುಗಿಸುತ್ತದೆ. ಹತ್ತರ ಅಂಕದ ಚುಕ್ಕೆ ಇರುವುದೇ 0.5 ಮಿಲಿಮೀಟರ್.

2. ಕಾನೂನು ಮೊದಲು ತಿಳಿಯಿರಿ. ಶಸ್ತ್ರ ನಿಯಮಗಳು, 2016ರ ಪ್ರಕಾರ 4.5 ಮಿಲಿಮೀಟರ್ ನಳಿಗೆಯ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಮದ್ದಿನ ತೋಟಾದ ಮಾತೇ ಬೇರೆ. ಬಾರು ಕಡಿಮೆ ಮಾಡಲೆಂದು ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬಿದರೂ ಅದು ಅಪರಾಧ.

3. ಹತ್ತು ಮೀಟರಿಗೆ ಚಪ್ಪಟೆ ತಲೆಯ ಛರ್ರೆ. ಅದು ಕಾಗದವನ್ನು ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ಜಗಳವಿಲ್ಲ. ಇಪ್ಪತ್ತು ಮೀಟರ್ ದಾಟಿದರೆ ಉರುಟು ತಲೆಯದು ವಾಸಿ.

4. ಛರ್ರೆಯನ್ನು ನಳಿಗೆಯೇ ಆರಿಸಲಿ. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ಗನ್ನಿಗೆ ಆಸರೆ ಕೊಟ್ಟು ಒಂದೊಂದು ಅಳತೆಯಲ್ಲೂ ಐದೈದು ಗುಂಡಿನ ಕೆಲವು ಗುಂಪು ಹೊಡೆಯಿರಿ. ತೂತುಗಳು ಒತ್ತಾಗಿ ಬಿದ್ದದ್ದು ನಿಮ್ಮದು. ಗುಂಪು ನಡುವಿನಿಂದ ಸರಿದಿದ್ದರೆ ಚಿಂತೆಯಿಲ್ಲ, ಸೈಟ್ ತಿರುಗಿಸಿದರೆ ಸರಿಹೋಗುತ್ತದೆ. ಚದುರಿದ ಗುಂಪಿಗೆ ಸೈಟಿನಲ್ಲಿ ಮದ್ದಿಲ್ಲ. ಅಳತೆ ಹೊಂದಿದ ಮೇಲೆ ಅದೇ ತಯಾರಿ ಸಂಖ್ಯೆಯ ಡಬ್ಬಿಗಳನ್ನೇ ಕೊಳ್ಳಿ. ನೆಲಕ್ಕೆ ಬಿದ್ದು ಅಂಚು ಸೊಟ್ಟಾದ ಛರ್ರೆ ಸ್ಪರ್ಧೆಗೆ ಬೇಡ.

5. ಗಾಳಿಯೊಡನೆ ಪಂದ್ಯ ಕಟ್ಟಬೇಡಿ. ಗಜೇಂದ್ರಗಡದ ಸುತ್ತ ಗಾಳಿಯಂತ್ರ ನೆಟ್ಟದ್ದು ಸುಮ್ಮನಲ್ಲ. ಅರ್ಧ ಗ್ರಾಮಿನ ಸೀಸ ಎರೆಹೊಲದ ಬಯಲಲ್ಲಿ ಸರಿದೇ ಸರಿಯುತ್ತದೆ. ಹತ್ತು ಮೀಟರಿಗಿಂತ ತುಸು ಉದ್ದದ ಖಾಲಿ ಗೋದಾಮು ಸಿಕ್ಕರೆ ಸಾಕು. ಗುರಿಯ ಹಿಂದೆ ಛರ್ರೆ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇರಲಿ, ಎಲ್ಲರ ಕಣ್ಣಿಗೂ ಕನ್ನಡಕ ಇರಲಿ.

6. ಲಿವರ್ ಎಳೆದ ಕೈ ಬಿಡಬೇಡಿ. ಕೆಳಗಿನ ಅಥವಾ ಪಕ್ಕದ ಲಿವರಿನ ಗನ್ನಿನಲ್ಲಿ ನಳಿಗೆ ಬಾಗುವುದಿಲ್ಲ, ಅದು ಗುರಿಗೆ ಒಳ್ಳೆಯದು. ಆದರೆ ಛರ್ರೆ ಇಡುವಾಗ ಕೊಂಡಿ ಜಾರಿದರೆ ಬೆರಳು ಸಿಕ್ಕೀತು. ಒಂದು ಕೈ ಲಿವರ್ ಮೇಲೇ ಇರಲಿ. ಛರ್ರೆ ಇಲ್ಲದೆ ಸ್ಪ್ರಿಂಗ್ ಗನ್ ಹಾರಿಸಿದರೆ ಒಳಗಿನ ವಾಷರ್ ಹಾಳು.

7. ಜೀವಿಗೆ ಗುರಿ ಇಡಬೇಡಿ. ರೋಣದ ಹೊಲಗಳಲ್ಲಿ ಓಡಾಡುವ ಚಿಗರಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆಯಿದೆ. ಬೆಳೆ ತಿಂದಿತೆಂದು ಏರ್ ಗನ್ ಎತ್ತಿದರೆ ಜೈಲು.

8. ಕೈ ತೊಳೆದು ಊಟಕ್ಕೆ ಕೂಡಿ. ಛರ್ರೆ ಸೀಸದ್ದು. ಬಾಯಲ್ಲಿ ಇಟ್ಟುಕೊಳ್ಳುವ ಚಟವಿರುವ ಹುಡುಗರಿಗೆ ಗನ್ ಕೊಡುವ ಮುನ್ನ ಆ ಚಟ ಬಿಡಿಸಿ.