ಗಡಿಯಂಚಿನ ಊರು ಸುಂಗಾಯ್ ಉತಿಕ್

ಅಕ್ಕ ತಂಗಿಯರೇ, ಇಲ್ಲಿ ನಾಲ್ಕು ಪದಗಳಿವೆ. ನಿಧಾನವಾಗಿ ಓದಿ.

ಗುರು. ಭೂಮಿ. ನಾಮ. ಭಾಷೆ.

ಓದಿದಿರಾ? ಅರ್ಥವೂ ಗೊತ್ತಲ್ಲವೇ? ಸಮುದ್ರದ ಆಚೆ ಒಂದು ದೇಶವಿದೆ. ಅದರ ಹೆಸರು ಇಂಡೋನೇಷ್ಯಾ. ಅಲ್ಲಿನ ಹೆಂಗಸರಿಗೂ ಈ ಪದಗಳು ಗೊತ್ತು. ಅವರು 'ಗುರು' ಅಂತಲೇ ಅನ್ನುತ್ತಾರೆ. ಭೂಮಿಗೆ 'ಬುಮಿ', ಹೆಸರಿಗೆ 'ನಾಮ', ಭಾಷೆಗೆ 'ಬಹಾಸ' ಅನ್ನುತ್ತಾರೆ. ಹಳ್ಳಿಗೆ 'ದೆಸ' ಅನ್ನುತ್ತಾರೆ. ಬಹಳ ಹಿಂದೆ ಹಡಗಿನಲ್ಲಿ ಹೋಗಿ ಬರುತ್ತಿದ್ದವರ ಜೊತೆ ಸಂಸ್ಕೃತದ ಈ ಪದಗಳೂ ಅಲ್ಲಿಗೆ ಹೋದವು.

ಇನ್ನೊಂದು ಪದ ಇದೆ. 'ನೆಗರ'. ಇದು ನಮ್ಮ 'ನಗರ' ಎಂಬ ಪದವೇ. ಆದರೆ ಅಲ್ಲಿ ಅದರ ಅರ್ಥ ಪಟ್ಟಣ ಅಲ್ಲ. ದೇಶ, ಸರ್ಕಾರ ಎಂದು ಅರ್ಥ. ಈ ಪದವನ್ನು ನೆನಪಿಡಿ. ಇದೊಂದು ಪದದಿಂದ ಆ ದೇಶದ ಹಳ್ಳಿಗಳಿಗೆ ಏನಾಯಿತು ಅಂತ ಮುಂದೆ ಓದೋಣ.

ಊರು ಎಲ್ಲಿದೆ?

ಇಂಡೋನೇಷ್ಯಾ ದ್ವೀಪಗಳ ದೇಶ. ಅಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ಅದು ನಮಗೆ ತೀರಾ ದೂರ ಏನಲ್ಲ. ನಮ್ಮ ದೇಶದ ನಿಕೋಬಾರ್ ದ್ವೀಪದ ತುದಿಯಿಂದ ಇಂಡೋನೇಷ್ಯಾದ ಸುಮಾತ್ರಾ ದ್ವೀಪಕ್ಕೆ ಸುಮಾರು 150 ಕಿಲೋಮೀಟರ್ ಅಷ್ಟೇ.

ನಮ್ಮ ಪಾಠದ ಊರು ಇರುವುದು ಇನ್ನೂ ಪೂರ್ವಕ್ಕೆ, ಬೋರ್ನಿಯೋ ಎಂಬ ದೊಡ್ಡ ದ್ವೀಪದಲ್ಲಿ. ಈ ಒಂದೇ ದ್ವೀಪದಲ್ಲಿ ಮೂರು ದೇಶಗಳಿವೆ. ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ. ಇಂಡೋನೇಷ್ಯಾದ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು. ಅದರ ಪಶ್ಚಿಮದಲ್ಲಿ ಕಪುವಾಸ್ ಹುಲು ಎಂಬ ಜಿಲ್ಲೆ ಇದೆ. ಕಪುವಾಸ್ ಒಂದು ನದಿ. 1,143 ಕಿಲೋಮೀಟರ್ ಉದ್ದ. ಇಂಡೋನೇಷ್ಯಾದ ನದಿಗಳಲ್ಲಿ ಅದೇ ಉದ್ದದ್ದು. 'ಹುಲು' ಅಂದರೆ ನದಿಯ ಮೇಲ್ದಂಡೆ, ನೀರು ಹುಟ್ಟುವ ಕಡೆ.

ಆ ಜಿಲ್ಲೆಯಲ್ಲಿ, ಮಲೇಷ್ಯಾ ಗಡಿಯ ಹತ್ತಿರ, ಕಾಡಿನ ಮಗ್ಗುಲಲ್ಲಿ ಒಂದು ಪುಟ್ಟ ಊರು. ಅದೇ ಸುಂಗಾಯ್ ಉತಿಕ್. 'ಸುಂಗಾಯ್' ಅಂದರೆ ಹೊಳೆ. ಉತಿಕ್ ಹೊಳೆಯ ಹೆಸರೇ ಊರಿಗೆ ಬಂದಿದೆ. ಅಲ್ಲಿರುವವರು ಇಬಾನ್ ಜನ.

ನಡುವೆ ಒಂದು ಗೆರೆ

ಇಬಾನ್ ಜನ ಗಡಿಯ ಆಚೆಯೂ ಇದ್ದಾರೆ, ಈಚೆಯೂ ಇದ್ದಾರೆ. ಭಾಷೆ ಒಂದೇ. ಹಬ್ಬ ಒಂದೇ. ನೆಂಟಸ್ತಿಕೆಯೂ ಉಂಟು. ಹಾಗಾದರೆ ನಡುವೆ ಗಡಿ ಹೇಗೆ ಬಂತು?

ಆಗ ಬೋರ್ನಿಯೋದ ಒಂದು ಭಾಗ ಡಚ್ಚರ ಕೈಯಲ್ಲಿತ್ತು. ಇನ್ನೊಂದು ಭಾಗ ಬ್ರಿಟಿಷರ ಆಶ್ರಯದಲ್ಲಿತ್ತು. 1891ರಲ್ಲಿ ಇಬ್ಬರೂ ಲಂಡನ್ನಿನಲ್ಲಿ ಕೂತು ಒಪ್ಪಂದ ಮಾಡಿಕೊಂಡರು. ಕಾಗದದ ಮೇಲೆ ಗೆರೆ ಬಂತು. ಇಲ್ಲಿನ ಬೆಟ್ಟಸಾಲಿನಲ್ಲಿ ಉತ್ತರಕ್ಕೆ ನೀರು ಹರಿಯುವ ಕಡೆ ಒಬ್ಬರಿಗೆ, ದಕ್ಷಿಣಕ್ಕೆ ಹರಿಯುವ ಕಡೆ ಇನ್ನೊಬ್ಬರಿಗೆ. ಬೆಟ್ಟದ ಮೇಲೆ ವಾಸ ಮಾಡುತ್ತಿದ್ದ ಜನರನ್ನು ಯಾರೂ ಕೇಳಲಿಲ್ಲ.

ಮುಂದೆ ಆ ಗೆರೆಯೇ ಎರಡು ದೇಶಗಳ ಗಡಿಯಾಯಿತು. 1963ರಿಂದ 1966ರವರೆಗೆ ಇಂಡೋನೇಷ್ಯಾಕ್ಕೂ ಮಲೇಷ್ಯಾಕ್ಕೂ ಜಗಳ ನಡೆಯಿತು. ಗಡಿಯ ಕಾಡಿನಲ್ಲಿ ಸೈನಿಕರು ಓಡಾಡಿದರು. ಜನ ಹೆದರಿ ಬಾಳಿದರು.

ಜಗಳ ನಿಂತ ಮೇಲೆ ಮತ್ತೆ ಹೋಗಿಬರುವುದು ಶುರುವಾಯಿತು. ಕೂಲಿಗೆ, ವ್ಯಾಪಾರಕ್ಕೆ, ನೆಂಟರ ಮನೆಗೆ ಆಚೆ ಹೋಗುವವರು ಬಹಳ. ಗಡಿ ಸಂತೆಯಲ್ಲಿ ಇಂಡೋನೇಷ್ಯಾದ ರೂಪಿಯಾನೂ ನಡೆಯುತ್ತದೆ, ಮಲೇಷ್ಯಾದ ರಿಂಗಿಟ್ಟೂ ನಡೆಯುತ್ತದೆ. ಹತ್ತಿರದ ಬಾದಾವು ಎಂಬಲ್ಲಿ 2017ರಲ್ಲಿ ಹೊಸ ಗಡಿ ಠಾಣೆ ತೆರೆಯಿತು. ಈಗ ದಾಟುವಾಗ ಕಾಗದ ತೋರಿಸಬೇಕು, ಮುದ್ರೆ ಹಾಕಿಸಿಕೊಳ್ಳಬೇಕು.

ಒಂದು ಮಾಡು, 28 ಒಲೆ

ಸುಂಗಾಯ್ ಉತಿಕ್‌ನಲ್ಲಿ ಓಣಿ, ಕೇರಿ ಹುಡುಕಬೇಡಿ. ಊರೆಲ್ಲ ಒಂದೇ ಮನೆಯಲ್ಲಿದೆ! ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮರದ ಉದ್ದಮನೆ. ಹತ್ತಲು ಏಣಿ ಮೆಟ್ಟಿಲು. ಒಳಗೆ ಸಾಲಾಗಿ 28 ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಸಂಸಾರ.

ಬಾಗಿಲ ಒಳಗಿನ ಕೋಣೆಗೆ 'ಬಿಲಿಕ್' ಎಂದು ಹೆಸರು. ಅಲ್ಲಿ ಅವರವರ ಒಲೆ, ಅವರವರ ಅಡುಗೆ. ಬಾಗಿಲ ಹೊರಗೆ ಈ ತುದಿಯಿಂದ ಆ ತುದಿವರೆಗೂ ಒಂದೇ ಪಡಸಾಲೆ. ಅದಕ್ಕೆ 'ರುವಾಯ್' ಅನ್ನುತ್ತಾರೆ. ಪಡಸಾಲೆ ಎಲ್ಲರದೂ. ಹೆಂಗಸರು ಅಲ್ಲೇ ಚಾಪೆ ಹೆಣೆಯುತ್ತಾರೆ, ಬುಟ್ಟಿ ಮಾಡುತ್ತಾರೆ. ಮಕ್ಕಳು ಅಲ್ಲೇ ಆಡುತ್ತಾರೆ. ಊರ ಸಭೆಯೂ ಅಲ್ಲೇ. ಪಡಸಾಲೆಯ ಆಚೆ, ಬಿಸಿಲಿಗೆ ತೆರೆದ ಮರದ ಹಾಸು. ಅಲ್ಲಿ ಭತ್ತ ಒಣಗಿಸುತ್ತಾರೆ. ಒಣಗಿದ ಭತ್ತ ಮೇಲಿನ ಅಟ್ಟಕ್ಕೆ ಹೋಗುತ್ತದೆ.

ಇಬಾನ್ ಜನರಲ್ಲಿ ಒಂದು ಪದ್ಧತಿ ಇದೆ. ಮದುವೆಯಾದ ಹೆಣ್ಣು ಗಂಡನ ಮನೆಗೇ ಹೋಗಬೇಕು ಅಂತಿಲ್ಲ. ಗಂಡನೇ ಹೆಂಡತಿಯ ಮನೆಗೆ ಬರಬಹುದು. ಯಾವುದು ಅನುಕೂಲವೋ ಅದು. ತಂದೆ ತಾಯಿಯ ಬಿಲಿಕ್‌ನಲ್ಲಿ ಒಂದು ಮಗು ಉಳಿದುಕೊಂಡು ಮನೆ ನಡೆಸಬೇಕು. ಅದು ಮಗನೂ ಆಗಬಹುದು, ಮಗಳೂ ಆಗಬಹುದು. ಆಸ್ತಿಯಲ್ಲಿ ಹೆಣ್ಣಿಗೂ ಗಂಡಿಗೂ ಸಮಪಾಲು. ಇದು ಹೊಸ ಕಾನೂನಲ್ಲ. ಅವರ ಹಿರಿಯರ ಕಾಲದಿಂದ ಬಂದ ಕಟ್ಟಳೆ.

ಭತ್ತ ಮತ್ತು ಮಗ್ಗ

ಇವರದು ಕುಮರಿ ಬೇಸಾಯ. ಕಾಡಿನ ಒಂದು ತುಂಡು ಸವರಿ, ಒಣಗಿಸಿ, ಸುಟ್ಟು, ಭತ್ತ ಬಿತ್ತುತ್ತಾರೆ. ಗಂಡಸರು ಚೂಪು ಕೋಲಿನಿಂದ ನೆಲಕ್ಕೆ ತೂತು ಮಾಡುತ್ತಾ ಮುಂದೆ ಹೋಗುತ್ತಾರೆ. ಹೆಂಗಸರು ಹಿಂದೆ ಕಾಳು ಹಾಕುತ್ತಾ ಬರುತ್ತಾರೆ. ಬೆಳೆ ತೆಗೆದ ಮೇಲೆ ಆ ನೆಲವನ್ನು ವರ್ಷಗಟ್ಟಲೆ ಬೀಳು ಬಿಡುತ್ತಾರೆ. ಅಲ್ಲಿ ಮತ್ತೆ ಮರ ಬೆಳೆಯುತ್ತದೆ. ಸುಗ್ಗಿ ಮುಗಿದ ಮೇಲೆ, ಜೂನ್ ಹೊತ್ತಿಗೆ, ಗವಾಯ್ ಹಬ್ಬ. ಆಗ ದೂರ ಹೋದವರೂ ಉದ್ದಮನೆಗೆ ಬರುತ್ತಾರೆ.

ಇಬಾನ್ ಹೆಂಗಸರು ನೇಯ್ಗೆಗೆ ಹೆಸರಾದವರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ನೆಲದ ಮೇಲೆ ಕೂತು ನೇಯುವ ಸಣ್ಣ ಮಗ್ಗ ಅವರದು. ನೇಯುವ ಮೊದಲೇ ಹಾಸಿನ ನೂಲನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಕಡೆ ಬಣ್ಣ ಹಿಡಿಯುವುದಿಲ್ಲ. ಬಿಚ್ಚಿದರೆ ಚಿತ್ತಾರ! ಕೆಂಪು ಬಣ್ಣ ನೋನಿ ಗಿಡದ ಬೇರಿನದು. ನೀಲಿ ಬಣ್ಣ ನೀಲಿ ಗಿಡದ ಎಲೆಯದು.

ನೂಲಿಗೆ ಬಣ್ಣ ಗಟ್ಟಿಯಾಗಿ ಕೂರಬೇಕಾದರೆ ಮೊದಲು ಅದನ್ನು ಹದ ಮಾಡಬೇಕು. ಎಣ್ಣೆ, ಶುಂಠಿ, ಉಪ್ಪು ಎಲ್ಲ ಸರಿಯಾದ ಅಳತೆಯಲ್ಲಿ ಬೀಳಬೇಕು. ತಪ್ಪಿದರೆ ತಿಂಗಳುಗಳ ಕೆಲಸ ಹಾಳು. ಅದಕ್ಕೇ ಹಿಂದಿನವರು ಈ ಕೆಲಸವನ್ನು 'ಹೆಂಗಸರ ಯುದ್ಧ' ಅಂತ ಕರೆದರು. ಗಂಡಸರಿಗೆ ಯುದ್ಧ ಗೆದ್ದರೆ ಕೀರ್ತಿ. ಹೆಂಗಸರಿಗೆ ನೂಲು ಗೆದ್ದರೆ ಕೀರ್ತಿ.

ಕಾಡಿನ ಕಟ್ಟಳೆ

ಬಣ್ಣದ ಬೇರು, ಬುಟ್ಟಿಯ ಬೆತ್ತ, ಮದ್ದಿನ ಸೊಪ್ಪು, ಪಲ್ಯಕ್ಕೆ ಕಳಲೆ, ಕುಡಿಯುವ ನೀರು. ಎಲ್ಲ ಎಲ್ಲಿಂದ ಬರಬೇಕು? ಕಾಡಿನಿಂದ. ಕಾಡು ಹೋದರೆ ಇವರ ಅಡುಗೆಮನೆಯೂ ಹೋಯಿತು, ಮಗ್ಗವೂ ಹೋಯಿತು.

ಅದಕ್ಕೇ ಊರಿನವರು ಕಾಡನ್ನು ಮೂರು ಭಾಗ ಮಾಡಿಕೊಂಡಿದ್ದಾರೆ.

ಮೊದಲ ಭಾಗದಲ್ಲಿ ಮರಕ್ಕೆ ಕೊಡಲಿ ಹಾಕುವಂತಿಲ್ಲ. ಬೇಸಾಯವೂ ಇಲ್ಲ. ಅದು ನೀರಿಗೆ, ಪ್ರಾಣಿಗಳಿಗೆ ಬಿಟ್ಟದ್ದು.

ಎರಡನೆಯ ಭಾಗದಿಂದ ಮದ್ದು, ಸೌದೆ ಮುಂತಾದವನ್ನು ಮಿತವಾಗಿ ತರಬಹುದು.

ಮೂರನೆಯ ಭಾಗದಲ್ಲಿ ಮನೆಗೆ ಬೇಕಾದ ಮರ ಕಡಿಯಬಹುದು. ಅದಕ್ಕೂ ಲೆಕ್ಕ ಇದೆ.

ಕಟ್ಟಳೆ ಮುರಿದವರಿಗೆ ಪಡಸಾಲೆಯ ಸಭೆಯಲ್ಲಿ ದಂಡ.

ಇದೆಲ್ಲ ಬಾಯಿಮಾತಿನಲ್ಲೇ ನಡೆದುಕೊಂಡು ಬಂದಿತ್ತು. ಯಾವ ಕಾಗದವೂ ಇರಲಿಲ್ಲ.

ಗರಗಸ ಬಂತು

1967ರಲ್ಲಿ ಇಂಡೋನೇಷ್ಯಾದಲ್ಲಿ ಹೊಸ ಅರಣ್ಯ ಕಾನೂನು ಬಂತು. ಕಾಡುಗಳನ್ನು ಮರದ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಕಾಲಿಮಂತಾನ್‌ನಲ್ಲಿ ದೊಡ್ಡ ದೊಡ್ಡ ಮರಗಳು ಉರುಳಿದವು. 2000ದ ಹೊತ್ತಿಗೆ ಗಡಿ ದಾಟಿ ಮಲೇಷ್ಯಾಕ್ಕೆ ಕಳ್ಳಮರ ಸಾಗಿಸುವುದೂ ಜೋರಾಯಿತು. ಅನಂತರ ತಾಳೆ ಎಣ್ಣೆ ತೋಟದವರು ಬಂದರು.

ಬಂದವರು ಹಣ ತೋರಿಸಿದರು. ಕೂಲಿ ಕೊಡುತ್ತೇವೆ ಅಂದರು. ಸುತ್ತಿನ ಎಷ್ಟೋ ಊರುಗಳು ಒಪ್ಪಿದವು. ಕಷ್ಟದಲ್ಲಿದ್ದವರಿಗೆ ಕೈಗೆ ಬರುವ ಹಣ ಬೇಡ ಅನ್ನುವುದು ಸುಲಭವೇ?

ಸುಂಗಾಯ್ ಉತಿಕ್‌ನವರು ಪಡಸಾಲೆಯಲ್ಲಿ ಕೂತು ಮಾತಾಡಿದರು. ಬೇಡ ಅಂದರು. ಕಂಪನಿಯವರನ್ನು ವಾಪಸ್ ಕಳಿಸಿದರು. ಮತ್ತೆ ಬಂದರು, ಮತ್ತೆ ಕಳಿಸಿದರು. ಈ ಕೆಲಸದಲ್ಲಿ ಮುಂದೆ ನಿಂತವರು ಉದ್ದಮನೆಯ ಹಿರಿಯರಾದ ಬಂಡಿ. ಜನ ಅವರನ್ನು 'ಅಪಾಯ್ ಜಂಗುತ್' ಅಂತ ಕರೆಯುತ್ತಾರೆ. ಇಬಾನ್ ಭಾಷೆಯಲ್ಲಿ 'ಅಪಾಯ್' ಅಂದರೆ ಅಪ್ಪ. 'ಜಂಗುತ್' ಅಂದರೆ ಗಡ್ಡ. ಗಡ್ಡದಪ್ಪ!

ಆದರೆ ಒಂದು ತೊಡಕು ಇತ್ತು. ಕಾಡು ಯಾರದು ಅಂತ ಕೇಳಿದರೆ ಊರಿನವರು 'ನಮ್ಮದು' ಅನ್ನುತ್ತಿದ್ದರು. ಕಾನೂನು 'ಸರ್ಕಾರದ್ದು' ಅನ್ನುತ್ತಿತ್ತು.

ಒಂದು ಪದ

1999ರಲ್ಲಿ ಬಂದ ಅರಣ್ಯ ಕಾನೂನಿನಲ್ಲಿ ಒಂದು ಮಾತು ಇತ್ತು. ಅದರ ತಾತ್ಪರ್ಯ ಹೀಗಿದೆ. ಗಟ್ಟಿಯಾಗಿ ಓದಿ:

ಕಟ್ಟಳೆಯ ಕಾಡು ಎಂದರೆ ಮೂಲನಿವಾಸಿಗಳ ನೆಲದಲ್ಲಿರುವ ಸರ್ಕಾರಿ ಕಾಡು.

ನೆಲ ಅವರದು, ಕಾಡು ಮಾತ್ರ ಸರ್ಕಾರದ್ದು! 'ಸರ್ಕಾರಿ' ಅನ್ನುವ ಕಡೆ ಅವರ ಭಾಷೆಯಲ್ಲಿದ್ದ ಪದವೇ 'ನೆಗರ'.

ಇಂಡೋನೇಷ್ಯಾದ ಮೂಲನಿವಾಸಿಗಳು 1999ರಲ್ಲಿ ಒಂದು ಒಕ್ಕೂಟ ಕಟ್ಟಿದ್ದರು. ಅದರ ಹೆಸರು ಅಮಾನ್. ಆ ಒಕ್ಕೂಟದವರು 2012ರಲ್ಲಿ ಸಂವಿಧಾನ ನ್ಯಾಯಾಲಯಕ್ಕೆ ಹೋದರು. 2013ರ ಮೇ 16ರಂದು ತೀರ್ಪು ಬಂತು. 'ನೆಗರ' ಎಂಬ ಪದವನ್ನು ಆ ಸಾಲಿನಿಂದ ತೆಗೆಯಬೇಕು ಅಂತ ನ್ಯಾಯಾಲಯ ಹೇಳಿತು. ಈಗ ಮತ್ತೆ ಓದಿ:

ಕಟ್ಟಳೆಯ ಕಾಡು ಎಂದರೆ ಮೂಲನಿವಾಸಿಗಳ ನೆಲದಲ್ಲಿರುವ ಕಾಡು.

ಹೋಗಿದ್ದು ಒಂದೇ ಪದ. ಅರ್ಥ ಎಷ್ಟು ಬದಲಾಯಿತು ನೋಡಿ!

ಹಾಗಂತ ಮರುದಿನವೇ ಕಾಡು ಕೈಗೆ ಬರಲಿಲ್ಲ. ಇದು ನಮ್ಮ ಕಾಡು ಅಂತ ಪ್ರತಿಯೊಂದು ಊರೂ ರುಜುವಾತು ಕೊಡಬೇಕಿತ್ತು. ನಕ್ಷೆ ಬೇಕು. ಊರಿನ ಚರಿತ್ರೆ ಬೇಕು. ಬಾಯಿಮಾತಿನ ಕಟ್ಟಳೆ ಬರಹಕ್ಕೆ ಇಳಿಯಬೇಕು. ಸುಂಗಾಯ್ ಉತಿಕ್‌ನವರು ನಕ್ಷೆ ಮಾಡಿಸಿದ್ದರು. ಹೊಳೆ ಎಲ್ಲಿ, ಗುಡ್ಡ ಎಲ್ಲಿ, ಹಳೆಯ ಗದ್ದೆ ಎಲ್ಲಿ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಳಿದದ್ದನ್ನು ಕಾಗದದ ಮೇಲೆ ತರಬೇಕಿತ್ತು ಅಷ್ಟೇ.

2018ರಲ್ಲಿ ಜಿಲ್ಲೆಯ ಕಾನೂನು ಬಂತು. 2020ರಲ್ಲಿ ಅರಣ್ಯ ಸಚಿವಾಲಯದ ಆದೇಶ ಬಂತು. 9,480 ಹೆಕ್ಟೇರ್ ಕಾಡು, ಅಂದರೆ ಸುಮಾರು 23,400 ಎಕರೆ, ಊರಿನ ಕಟ್ಟಳೆಯ ಕಾಡು ಎಂದು ಬರಹದಲ್ಲಿ ಸೇರಿತು. ಅಷ್ಟು ಹೊತ್ತಿಗೆ ಮೊದಲು ಬೇಡ ಅಂದವರ ಮೊಮ್ಮಕ್ಕಳು ದೊಡ್ಡವರಾಗಿದ್ದರು.

ಹೊರಗಿನವರೂ ಮೆಚ್ಚಿದರು

2019ರಲ್ಲಿ ವಿಶ್ವಸಂಸ್ಥೆಯ ಕಡೆಯಿಂದ ಈ ಉದ್ದಮನೆಗೆ 'ಈಕ್ವೇಟರ್ ಪ್ರಶಸ್ತಿ' ಬಂತು. 2023ರಲ್ಲಿ ಗಡ್ಡದಪ್ಪನಿಗೆ ಪೋರ್ಚುಗಲ್ ದೇಶದ ಗುಲ್ಬೆಂಕಿಯನ್ ಪ್ರಶಸ್ತಿ ಬಂತು. ಅದನ್ನು ಮೂವರಿಗೆ ಹಂಚಿದರು. ಉಳಿದ ಇಬ್ಬರೂ ಹೆಂಗಸರು. ಒಬ್ಬರು ಆಫ್ರಿಕಾದ ಕ್ಯಾಮರೂನ್ ದೇಶದವರು, ಒಬ್ಬರು ಬ್ರೆಜಿಲ್ ದೇಶದವರು. ಅವರೂ ಕಾಡು ಉಳಿಸಿದವರೇ, ಬೆಳೆಸಿದವರೇ.

ಕಷ್ಟ ಎಲ್ಲ ತೀರಿತು ಅಂತಲ್ಲ. ಕೆಲಸ ಹುಡುಕಿ ಹರೆಯದವರು ಪಟ್ಟಣಕ್ಕೆ, ಗಡಿಯ ಆಚೆಗೆ ಹೋಗುತ್ತಾರೆ. ಕಟ್ಟಳೆ ಕಲಿಯಬೇಕಾದವರು ಅವರೇ. ಕಾಗದ ಇದ್ದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಕಾಯುವವರೂ ಬೇಕು. ಆದರೆ ಕಾಯುವವರ ಕೈಯಲ್ಲಿ ಕಾಗದವೂ ಇದ್ದರೆ, ಬಂದವರಿಗೆ ಅದನ್ನು ತೋರಿಸಬಹುದು. ಓದಿ ಹೇಳಬಹುದು.

ಪದಗಳ ಅರ್ಥ

ಕಟ್ಟಳೆ – ಹಿರಿಯರಿಂದ ಬಂದ ನಿಯಮ
ಕುಮರಿ ಬೇಸಾಯ – ಕಾಡು ಸವರಿ ಸುಟ್ಟು ಮಾಡುವ ಬೇಸಾಯ
ಹಾಸು – ಮಗ್ಗದಲ್ಲಿ ಉದ್ದಕ್ಕೆ ಇರುವ ನೂಲು
ಗುತ್ತಿಗೆ – ಕರಾರು ಮಾಡಿ ಬೇರೆಯವರಿಗೆ ವಹಿಸುವುದು
ರುಜುವಾತು – ಸಾಕ್ಷಿ, ಪುರಾವೆ
ತೀರ್ಪು – ನ್ಯಾಯಾಲಯ ಹೇಳುವ ಕೊನೆಯ ಮಾತು

ಉತ್ತರ ಹೇಳಿ

1. ಬೋರ್ನಿಯೋ ದ್ವೀಪದಲ್ಲಿ ಎಷ್ಟು ದೇಶಗಳಿವೆ? ಹೆಸರು ಹೇಳಿ.
2. ಉದ್ದಮನೆಯಲ್ಲಿ ಎಲ್ಲರಿಗೂ ಸೇರಿದ ಜಾಗ ಯಾವುದು?
3. ಬಣ್ಣಕ್ಕೆ ನೂಲು ಹದ ಮಾಡುವುದನ್ನು 'ಹೆಂಗಸರ ಯುದ್ಧ' ಅಂತ ಏಕೆ ಕರೆದರು?
4. ಸುಂಗಾಯ್ ಉತಿಕ್‌ನ ಕಾಡು ಎಷ್ಟು ಎಕರೆ?

ಕೂತು ಮಾತಾಡಿ

ಸುತ್ತಿನ ಊರುಗಳು ಹಣಕ್ಕೆ ಒಪ್ಪಿದವು. ಈ ಊರು ಒಪ್ಪಲಿಲ್ಲ. ನೀವು ಆ ಪಡಸಾಲೆಯಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದಿರಿ? ಏಕೆ?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ಹೊಲದ ಒಂದು ಕಾಗದ ಹೊರಗೆ ತೆಗೆಯಿರಿ. ಅದರಲ್ಲಿ ಯಾರ ಹೆಸರು ಇದೆ? ಓದಿ. ಗೊತ್ತಾಗದ ಒಂದು ಪದವನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. ನಾಳೆ ತರಗತಿಗೆ ಬಂದು ಅದರ ಅರ್ಥ ಕೇಳಿ.