ಗುಳಿಗೆ ಸಿಕ್ಕ ಮೇಲೆ ಶುರುವಾಗುವ ಕೆಲಸ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಡಿಗ್ರಿ ಓದುವಾಗ ಕಾಣಿಸಿಕೊಂಡಿತು. ಧಾರವಾಡದಲ್ಲಿ ತೋರಿಸಿದೆವು, ಅವನ ಮೈಗೆ ಒಗ್ಗುವ ಗುಳಿಗೆ ಕಂಡುಕೊಳ್ಳಲು ಕೆಲವು ವರ್ಷ ಹಿಡಿಯಿತು, ಕಡೆಗೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಅಡಗಿದವು. ಬಂಧುಗಳೆಲ್ಲ ‘ಇನ್ನೇನು ಆರಾಮಾದ’ ಅಂದರು. ಅಲ್ಲಿಂದ ಮುಂದಿನ ಕೆಲಸ ಯಾರದು ಎಂದು ಕೇಳಿಕೊಂಡು ನಾನು ಹತ್ತಾರು ಕಚೇರಿ ಅಲೆದಿದ್ದೇನೆ. ಅಲೆದು ತಿಳಿದುಕೊಂಡದ್ದನ್ನು ಇಂಥದೇ ಮನೆಗಳವರಿಗಾಗಿ ಬರೆಯುತ್ತಿದ್ದೇನೆ.

ಗುಳಿಗೆ ತಲುಪಿಸುವುದರಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಯ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಮನೋಚೈತನ್ಯ ಯೋಜನೆಯಡಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೇ ಬರುತ್ತಾರೆ. ಧಾರವಾಡದ ಬಸ್ ಚಾರ್ಜು, ಒಂದು ದಿನದ ದುಡಿಮೆ ಎರಡೂ ಉಳಿಯುತ್ತವೆ. ಇದು ನಮ್ಮಂಥವರಿಗೆ ಸಣ್ಣ ಉಪಕಾರವಲ್ಲ.

ಆದರೆ ಬರುವವರು ಒಬ್ಬರೇ ಡಾಕ್ಟರು, ಪಾಳಿ ವರಾಂಡ ದಾಟಿ ಅಂಗಳದವರೆಗೆ. ‘ನಿದ್ದಿ ಚಲೋ ಬರ್ತೈತೇನಪಾ? ಊಟ ಮಾಡ್ತೀಯೇನು?’ ಎಂದು ಕೇಳಿ ಚೀಟಿ ಬರೆಯುವಷ್ಟೇ ಹೊತ್ತು. ಅವರನ್ನು ನಾನು ದೂರುವುದಿಲ್ಲ. ದೂರಬೇಕಾದದ್ದು ಔಷಧದ ಕಿಟಕಿಯಲ್ಲಿ ಕೇಳಿಬರುವ ಮಾತನ್ನು: ‘ಅಕ್ಕಾರ, ಈ ಗುಳಗಿ ಈ ಸಲ ಬಂದಿಲ್ರಿ, ಹೊರಗ ತಗೊಳ್ರಿ.’ ನನ್ನ ತಮ್ಮ ತೆಗೆದುಕೊಳ್ಳುವುದು ಕ್ಲೋಜಪಿನ್. ಬಿಳಿರಕ್ತಕಣಗಳ ಲೆಕ್ಕ ನೋಡಲು ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಬೇಕಾದ ಔಷಧ ಅದು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಸಣ್ಣ ಪ್ರಮಾಣದಿಂದ ಏರಿಸುತ್ತ ಬರಬೇಕು. ‘ಮುಂದಿನ ವಾರ ಬರ್ರಿ’ ಎನ್ನುವ ಮಾತು ನಮ್ಮ ಮನೆಯಲ್ಲಿ ತಿಂಗಳ ನೆಮ್ಮದಿಯನ್ನೇ ಕಸಿಯಬಲ್ಲದು. ಅದಕ್ಕೇ ಗುಳಿಗೆ ಮುಗಿಯುವ ಹತ್ತು ದಿನ ಮುಂಚೆಯೇ ಆಸ್ಪತ್ರೆಗೆ ಹೋಗಿ ದಾಸ್ತಾನು ವಿಚಾರಿಸುತ್ತೇನೆ. ಇಲ್ಲ ಎಂದರೆ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಗುಳಿಗೆ ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕು. ಅರ್ಜಿಯಲ್ಲಿ ಆ ಸೆಕ್ಷನ್ ಹೆಸರು ಬರೆದರೆ ಉತ್ತರ ಬೇಗ ಬರುತ್ತದೆ.

ಇದಕ್ಕಿಂತ ಕಠಿಣವಾದದ್ದು ಅಂಗವೈಕಲ್ಯ ಪ್ರಮಾಣಪತ್ರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು. ವೈಕಲ್ಯ ಶೇ 40 ಇದ್ದರೆ ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಕಾರ್ಡಿನ ಆಧಾರದಲ್ಲಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅಳತೆ ನಡೆಯುವುದು ‘ಐಡಿಯಾಸ್’ ಎಂಬ ಮಾಪನದಲ್ಲಿ: ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬುದು. ‘ದಿನಾ ಜಳಕಾ ಮಾಡ್ತೀಯೇನಪಾ?’ ಎಂದರು ಪರೀಕ್ಷಿಸಿದವರು. ‘ಹೂಂ ರೀ’ ಅಂದ ನನ್ನ ತಮ್ಮ. ಇಸ್ತ್ರಿ ಅಂಗಿ, ಬಾಚಿದ ತಲೆ, ಸುಳ್ಳೇನೂ ಅಲ್ಲ. ಆದರೆ ಆ ಜಳಕಕ್ಕೆ ನೀರು ಕಾಯಿಸಿ, ಟವೆಲ್ ಕೈಗಿಟ್ಟು, ಬಚ್ಚಲ ಬಾಗಿಲಲ್ಲಿ ನಿಂತು ‘ಸಬಕಾರ ಹಚ್ಚಿಕೊಳ್ಳೋ, ಬೆನ್ನಿಗೆ ನೀರು ಹಾಕೋ’ ಎಂದು ಹೇಳುವವಳು ನಾನು. ಹೇಳದಿದ್ದರೆ ವಾರಗಟ್ಟಲೆ ಅದೇ ಅಂಗಿಯಲ್ಲಿ ಕೂತಿರುತ್ತಾನೆ. ಮನೆಯವರು ಚೆನ್ನಾಗಿ ನೋಡಿಕೊಂಡಷ್ಟೂ ಕಾಗದದಲ್ಲಿ ಕಾಯಿಲೆ ಸಣ್ಣದಾಗುತ್ತದೆ. ಶೇ 40 ಮುಟ್ಟಲಿಲ್ಲ.

ಮರುಪರಿಶೀಲನೆಗೆ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋದೆ. ಹೇಳಿಸಿಕೊಳ್ಳದೆ ಏನೇನು ಮಾಡುತ್ತಾನೆ, ಏನು ಮಾಡುವುದಿಲ್ಲ, ಸಂತೆಗೆ ಒಬ್ಬನೇ ಹೋದರೆ ಏನಾಗುತ್ತದೆ, ದುಡ್ಡಿನ ಲೆಕ್ಕ ಎಲ್ಲಿ ತಪ್ಪುತ್ತದೆ, ಹಿಂದಿನ ಚೀಟಿಗಳೆಲ್ಲ ತಾರೀಖಿನ ಪ್ರಕಾರ. ಆ ಹಾಳೆಯನ್ನು ಅವರು ಓದಿದರು. ಕಾರ್ಡ್ ಬಂತು. ಪರೀಕ್ಷೆಗೆ ಹೋಗುವ ಪ್ರತಿಯೊಬ್ಬರಿಗೂ ನಾನು ಮೊದಲು ಹೇಳುವುದು ಈ ಹಾಳೆಯ ವಿಷಯವನ್ನೇ.

ನಮ್ಮ ಓಣಿಯ ಗಿರಣಿ ಕಾಕಾ ತಮ್ಮನಿಗೆ ಕೆಲಸ ಕೊಟ್ಟಿದ್ದಾರೆ. ರಾತ್ರಿಯ ಗುಳಿಗೆಯಿಂದ ಬೆಳಿಗ್ಗೆ ಕಣ್ಣು ಎಳೆಯುತ್ತದೆ ಎಂದು ಹತ್ತು ಗಂಟೆಯ ಮೇಲೆ ಬರಲು ಹೇಳಿದ್ದಾರೆ. ಬೆಲ್ಟಿನ ಹತ್ತಿರ ಬಿಡುವುದಿಲ್ಲ. ಜೋಳ, ಗೋಧಿ ತೂಗಿ ಡಬ್ಬಿಯ ಮೇಲೆ ಹೆಸರು ಬರೆಯುವುದಷ್ಟೇ ಅವನ ಕೆಲಸ. ತಮ್ಮ ಮತ್ತೆ ಜನರ ಮುಖ ನೋಡಿ ಮಾತಾಡಲು ಶುರುಮಾಡಿದ್ದು ಈ ಗಿರಣಿಯಲ್ಲಿ. ಪುನರ್ವಸತಿ ಎಂದರೆ ಇದೇ. ಅದು ನಮಗೆ ಸಿಕ್ಕಿದ್ದು ಒಬ್ಬರ ದೊಡ್ಡ ಮನಸ್ಸಿನಿಂದ. ಕೆಲವು ಜಿಲ್ಲಾ ಕೇಂದ್ರಗಳಲ್ಲಿ ‘ಮಾನಸಧಾರ’ ಹಗಲು ಆರೈಕೆ ಕೇಂದ್ರಗಳಿವೆ, ಹಳ್ಳಿಯಿಂದ ದಿನವೂ ಅಲ್ಲಿಗೆ ಹೋಗಿಬರಲು ಆಗದು. ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇದ್ದಾರೆ, ಅವರದು ವಿಕಲಚೇತನರ ಇಲಾಖೆ. ಮಂಗಳವಾರದ ಡಾಕ್ಟರು ಆರೋಗ್ಯ ಇಲಾಖೆಯವರು. ತಮ್ಮನ ಬಗ್ಗೆ ಈ ಇಬ್ಬರೂ ಒಂದು ಸಲವೂ ಮಾತಾಡಿಕೊಂಡಿಲ್ಲ. ನಡುವೆ ಓಡಾಡಿ ಇಬ್ಬರ ಕಾಗದ ಒಯ್ಯುವವಳು ಅಕ್ಕ.

ನನಗೂ ವಯಸ್ಸಾಗುತ್ತಿದೆ, ಅವ್ವನಿಗೆ ಮಂಡಿ ನೋವು. ನಮ್ಮ ಹಿಂದೆ ಅವನನ್ನು ಯಾರು ನೋಡುತ್ತಾರೆ? ಕುಟುಂಬದವರ ಜೊತೆ ಇರಲಾಗದವರಿಗೆ ಸಮುದಾಯದ ನಡುವೆಯೇ ಬದುಕುವ ಮನೆಗಳನ್ನು ಸರ್ಕಾರ ಒದಗಿಸಬೇಕು ಎಂದು ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಬೆಂಗಳೂರಿನಲ್ಲಿ ರಿಚ್‌ಮಂಡ್ ಫೆಲೋಶಿಪ್‌ನಂಥ ಸ್ವಯಂಸೇವಾ ಸಂಸ್ಥೆಗಳು ಬಹಳ ಹಿಂದಿನಿಂದಲೇ ಇಂಥ ಮನೆ ನಡೆಸಿ ತೋರಿಸಿವೆ. ನಮ್ಮ ಭಾಗದಲ್ಲಿ ಅಂಥದ್ದೊಂದನ್ನು ನಾನು ಕಂಡಿಲ್ಲ. ರಾತ್ರಿ ಈ ಯೋಚನೆಗೆ ನಿದ್ದೆ ಬಾರದಾಗ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದ್ದೇನೆ. ಕನ್ನಡದಲ್ಲೇ ಮಾತಾಡಿದರು, ‘ನೀವು ಊಟ ಮಾಡಿದಿರಾ?’ ಎಂದು ನನ್ನನ್ನೇ ಕೇಳಿದರು. ನೋಡಿಕೊಳ್ಳುವವರೂ ಆ ನಂಬರಿಗೆ ಫೋನ್ ಮಾಡಬಹುದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಸರಿ.

ಪ್ರತಿ ತಾಲೂಕು ಆಸ್ಪತ್ರೆಗೆ ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕಾಯಂ ಆಗಿ ನೇಮಿಸಬೇಕು. ತಿಂಗಳಿಗೊಮ್ಮೆ ಅವರು ಪಂಚಾಯಿತಿಯ ವಿಆರ್‌ಡಬ್ಲ್ಯೂಗಳ ಜೊತೆ ಕೂತು, ಯಾರ ಗುಳಿಗೆ ನಿಂತಿದೆ, ಯಾರಿಗೆ ಕಾರ್ಡ್ ಬಂದಿಲ್ಲ, ಯಾವ ಮನೆಯಲ್ಲಿ ನೋಡುವವರೇ ಹಾಸಿಗೆ ಹಿಡಿದಿದ್ದಾರೆ ಎಂದು ಹೆಸರು ಹಿಡಿದು ವಿಚಾರಿಸಬೇಕು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ದಯವಿಟ್ಟು ನಡಾವಳಿಯಲ್ಲಿ ಬರೆಸಿ.